ಹಸಿದ ಕೌದಿ

ಬೀದರ ಜಿಲ್ಲೆಯಲ್ಲಿ ಇಂಥ ಕೌದಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಆನೆಗೆ ಹೊದಿಸಿದರೂ ಒಂದು ಮೊಳ ನೆಲಕ್ಕೆ ಬೀಳುತ್ತಿತ್ತು. ಇದರಲ್ಲಿ ಅರ್ಧ ಸುಳ್ಳು. ಆನೆ ಬೇಡ, ಎಮ್ಮೆ ಎಂದುಕೊಳ್ಳಿ. ಆ ಕೌದಿ ಕಳುವಾಯಿತು.

ಜನವರಿ ಹದಿನೆಂಟು, ಶನಿವಾರ, ಬೆಳಿಗ್ಗೆ ೯.೪೦. ನೌಬಾದದ ಠಾಣೆಗೆ ಸುಮನ ದೂರು ತಂದಳು. ಕಾಲೇಜಿನಲ್ಲಿ ಪಾಠ ಹೇಳುವ ಈಕೆ, ರಜೆಯ ದಿನ ಬಡ ಮಕ್ಕಳಿಗೆ ಓದು, ಕಸುಬು ಕಲಿಸುವ ಗುಂಪೊಂದನ್ನು ನಡೆಸುತ್ತಿದ್ದಳು. ಭಾಲ್ಕಿ, ಔರಾದಗಳಿಂದಲೂ ಕಲಿಸುವವರು ಬರುತ್ತಿದ್ದರು; ಯಾರೂ ಸಂಬಳ ಕೇಳಿದವರಲ್ಲ. ಮಕ್ಕಳ ಬಸ್ ಪಾಸಿಗಾಗಿ ಎಲ್ಲರೂ ಸೇರಿ, ಪ್ರತಿ ಮಗುವಿನ ಮನೆಯಿಂದ ಒಂದು ತುಂಡು ಬಟ್ಟೆ ತರಿಸಿ, ಕೌದಿ ಹೊಲಿದಿದ್ದರು. ಮರುದಿನವೇ ಅದರ ಹರಾಜು. ಕೌದಿ ಸಿಗದಿದ್ದರೆ, ಎಕಂಬಾದಿಂದ ಬರುವ ನಿಖತಳ ಪಾಸು ತಿಂಗಳ ಕೊನೆಗೆ ಮುಗಿಯುತ್ತಿತ್ತು. ಪಾಸಿನ ಜೊತೆ ಅವಳ ಓದೂ.

ಇನ್ಸ್‌ಪೆಕ್ಟರ್ ಶಾಕಿರಾ ಬೇಗಂ ಎಫ್‌ಐಆರ್ ಬರೆಸಿ, ಕಾನ್‌ಸ್ಟೆಬಲ್ ಓಂಪ್ರಕಾಶನನ್ನು ಕರೆದುಕೊಂಡು ಹೊರಟಳು. ೧೦.೩೦ಕ್ಕೆ ಗುಂಪಿನ ಪಾಠದ ಕೋಣೆಯಲ್ಲಿ ಪಂಚನಾಮೆ. ಕೌದಿ ಇಟ್ಟಿದ್ದ ಅಲ್ಮಾರಿಯ ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ಮೂವರ ಬಳಿ: ಸುಮನ, ಔರಾದಿನ ದರ್ಜಿ ಮುಸ್ತಕೀಮ, ಭಾಲ್ಕಿಯ ಮುದುಕಿ ಕಾಂತಾಬಾಯಿ. ಗುರುವಾರ ಕೊನೆಯ ಮೂಲೆಯನ್ನು ಮಷಿನ್ನಿನಲ್ಲಿ ಹೊಲಿದು ಕೌದಿಯನ್ನು ಒಳಗಿಟ್ಟವನು ಮುಸ್ತಕೀಮ.

"ಇವನ್ನ ಜೀಪಿನ್ಯಾಗ ಕೂಡಸಲೇನ್ರಿ ಮೇಡಂ?" ಎಂದ ಓಂಪ್ರಕಾಶ.

ಅಲ್ಲೇ ನಿಂತಿದ್ದ ಮುಸ್ತಕೀಮನ ಮುಖ ಸುಣ್ಣವಾಯಿತು. ಅವನೂ ಇದೇ ಗುಂಪಿನಲ್ಲಿ ಕಲಿತ ಹುಡುಗ. ಸೂಜಿ ಹಿಡಿಯಲು ಕಲಿಸಿದವಳು ಕಾಂತಾಬಾಯಿ; ಈ ವರ್ಷವಷ್ಟೇ ಅವನು ಕಲಿಸುವವನಾಗಿದ್ದ.

ಶಾಕಿರಾ ನೆಲದಿಂದ ಬಿಳಿ ದಾರದ ಚೂರುಗಳನ್ನು ಆರಿಸಿ ಅವನ ಮುಂದೆ ಹಿಡಿದಳು.

"ನೀ ದಾರ ಹ್ಯಾಂಗ ಕಡೀತಿ?"

"ಕತ್ತರಿಲೇರಿ."

"ಇದು ಹಲ್ಲಿಲೆ ಕಡದದ್ದು. ಯಾರೋ ನಿನ್ನ ಹೊಲಿಗಿ ಬಿಚ್ಚ್ಯಾರ. ಮೂಲಿ ಮುಚ್ಚೋಮುಂದ ರೊಟ್ಟಿ ಇಟ್ಟಿದ್ದೇನು?"

ಮುಸ್ತಕೀಮ ನಾಲಿಗೆ ಕಚ್ಚಿಕೊಂಡ. ಮಷಿನ್ನಿನ ಅವಸರದಲ್ಲಿ ಮರೆತೇಬಿಟ್ಟಿದ್ದ. ಶಾಕಿರಾಳ ಅಮ್ಮಿಯೂ ಕೌದಿ ಹೊಲಿದವಳೇ. ಕೊನೆಯ ಮೂಲೆಯೊಳಗೆ ರೊಟ್ಟಿಯ ಚೂರು ಇಡದೆ ಆಕೆ ಎಂದೂ ಹೊಲಿಗೆ ಮುಗಿಸಿರಲಿಲ್ಲ. ಹಸಿದ ಕೌದಿ ಹೊದ್ದ ಮನೆಗೆ ಹಸಿವು ಹೊಗುತ್ತದೆ ಎಂಬ ಮಾತು ಕೇಳುತ್ತಲೇ ಶಾಕಿರಾ ಬೆಳೆದಿದ್ದಳು. ಶುಕ್ರವಾರ ಕೌದಿ ನೋಡಲು ಯಾರಾದರೂ ಬಂದಿದ್ದರೇ ಎಂದು ವಿಚಾರಿಸಿದಳು. ಕಾಂತಾಬಾಯಿ ಬಂದಿದ್ದಳಂತೆ.

ಮಧ್ಯಾಹ್ನ ೧೨.೧೫, ಭಾಲ್ಕಿ. ಕಾಂತಾಬಾಯಿ ಅಂಗಳದ ಬಿಸಿಲಿಗೆ ಕೂತಿದ್ದಳು. ಕೌದಿ ಮಡಿಲಿನಿಂದ ಇಳಿದು, ಅಂಗಳ ದಾಟಿ, ಬೀದಿಯವರೆಗೂ ಹರಿದಿತ್ತು. ಸರಿ, ಹೊಸ್ತಿಲವರೆಗೆ.

"ಕೌದಿ ನೀವೇ ಒಯ್ದೀರೇನ್ರಿ ಆಯಿ?"

"ಹೂಂ, ನಾನೇ. ಗೇಣು ಹೊಲಿಗಿ ಉಳದದ. ಕೂಡ್ರಿ, ಆಮ್ಯಾಲ ಬೇಡಿ ಹಾಕ್ರಿ."

"ದಾರ ಹಲ್ಲಿಲೆ ಕಡದೀರಿ."

"ಎರಡೇ ಹಲ್ಲ ಉಳದಾವ. ಪುಣ್ಯಕ್ಕ ಎದುರುಬದುರು ಅವ."

ಓಂಪ್ರಕಾಶ ನಗು ನುಂಗಿ ಪೆನ್ನು ತೆರೆದ. ಶಾಕಿರಾ ಕಟ್ಟೆಯ ಮೇಲೆ ಕೂತಳು.

"ಸುಮನಗ ಒಂದು ಮಾತು ಹೇಳಬೇಕಿತ್ತಲ್ಲ?"

ಮುದುಕಿ ಸೂಜಿ ನಿಲ್ಲಿಸಿದಳು. "ಹೇಳಿದ್ರ ಮುಸ್ತಕೀಮನ ಕೆಲಸ ಕೆಟ್ಟದ ಅಂತ ಊರೆಲ್ಲ ಗೊತ್ತಾಗ್ತಿತ್ತು. ಮೊದಲನೇ ಸಲ ಹೊಲದಾನ, ಕಲಿಯೋ ಹುಡುಗುರ ಮುಂದ ಅವನ ಮಾರಿ ಸಣ್ಣದಾಗಬಾರ್ದು. ಮುಂಜಾನಿ ಬಸ್ಸಿಗೆ ಒಯ್ದು ಸುಮ್ನ ಇಟ್ಟು ಬರೋಳಿದ್ದೆ. ಹೊಲಿಗಿ ಮುಗೀಲಿಲ್ಲ, ಬಸ್ ತಪ್ತು."

ಆ ಹುಡುಗನ ಮೇಲೆಯೇ ಕಳುವಿನ ಗುಮಾನಿ ಬಂದಿತ್ತೆಂದು ಕೇಳಿದಾಗ ಮಾತ್ರ ಅವಳ ಕಣ್ಣು ತುಂಬಿತು.

೧.೦೫ಕ್ಕೆ, ಕೊನೆಯ ಹೊಲಿಗೆ ಬಿದ್ದ ಮೇಲೆ, ಬಂಧನ. ಕಾಗದದ ಮೇಲೆ ಕಾಂತಾಬಾಯಿ ಹೆಬ್ಬೆಟ್ಟು ಒತ್ತಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಸಹಿ ಕಲಿಸಿದವನು ಮುಸ್ತಕೀಮ. ಸಂಜೆ ಜಾಮೀನು ನಿಂತವನೂ ಅವನೇ. ತನ್ನ ಹೊಲಿಗೆ ಬಿಚ್ಚಿದ್ದಕ್ಕೆ ಅವನು ಮುನಿಯಲಿಲ್ಲ. ಆ ಮೂಲೆಯನ್ನು ಬೆರಳಿನಿಂದ ಸವರಿ, ಯಾವ ರೊಟ್ಟಿ ಇಟ್ಟಿರಿ ಎಂದು ಕೇಳಿದ. ಮುದುಕಿ ಇಟ್ಟದ್ದು ರೊಟ್ಟಿಯಲ್ಲ, ಬೆಲ್ಲದ ಹೋಳಿಗೆ.

ಜಪ್ತಿಯಾದ ಕೌದಿಯನ್ನು ನ್ಯಾಯಾಲಯ ಗುರುವಾರ ಸುಮನಳ ವಶಕ್ಕೆ ಕೊಟ್ಟಿತು. ಭಾನುವಾರ ಹರಾಜು. ಕಳುವಾದ ಕೌದಿ ಎಂದು ಕೇಳಿ ಅರ್ಧ ಬೀದರವೇ ನೆರೆದಿತ್ತು, ಅಂದರೆ ಇನ್ನೂರು ಜನ. ಎಲ್ಲ ಮಕ್ಕಳಿಗೂ ವರ್ಷದ ಪಾಸು ಬಂತು. ನಿಖತ ಈಗಲೂ ಕಿಟಕಿಯ ಸೀಟಿಗಾಗಿ ಜಗಳವಾಡುತ್ತಾಳೆ.

ಕೊಂಡವರು ಹೆಸರು ಹೇಳಬೇಡ ಎಂದು ಸುಮನಳಿಗೆ ತಾಕೀತು ಮಾಡಿದ್ದರು. ಆದರೆ ಸೋಮವಾರ ಬೆಳಿಗ್ಗೆ ನೌಬಾದದಲ್ಲಿ, ಬಾಗಿಲಿಗೆ ಖಾಕಿ ಟೋಪಿ ತೂಗುಹಾಕಿದ ಮನೆಯೊಂದಕ್ಕೆ ಲಕ್ಷ ಇರುವೆ ಸಾಲುಗಟ್ಟಿ ಹೊರಟಿದ್ದವು. ಲಕ್ಷ ಅಲ್ಲ, ಸಾವಿರ. ಒಳಗೆ ಮಂಚದ ಮೇಲೆ, ಅಮ್ಮಿಯ ಹಳೆ ಕೌದಿಯ ಪಕ್ಕದಲ್ಲಿದ್ದ ಹೊಸ ಕೌದಿಯ ಒಂದು ಮೂಲೆಗೆ ಮುತ್ತಿ, ಹೋಳಿಗೆ ಹುಡುಕುತ್ತಿದ್ದವು.

ಯಾರ ಮನೆ? ಎಲ್ಲವನ್ನೂ ನಾನೇ ಹೇಳಬೇಕೇ, ನೀವೇ ಹೇಳಿ ನೋಡೋಣ.