ಆನ್ಸ್ ರೂಜ್‌ನಲ್ಲಿ ಸಿಗ್ನಲ್ ಇಲ್ಲ

ಕುತ್ತಿಗೆಗೆ ಮಚ್ಚು ತಾಗಿದರೆ ಉಸಿರು ತಾನಾಗಿಯೇ ಸಣ್ಣದಾಗುತ್ತದೆ.

ಮಚ್ಚು ಹಿಡಿದವನು ಟೈಟಸ್, ಟ್ರಕ್ಕಿನ ಡ್ರೈವರ್. ಬೆಳಿಗ್ಗೆ ಬಾಳೆಗೊನೆ ಕಡಿದಿದ್ದನೋ ಏನೋ, ಅಲಗಿನ ಮೇಲೆ ಸೊನೆ ಇನ್ನೂ ಅಂಟಿತ್ತು. ಮೊಬೈಲ್ ಟವರಿನ ಬುಡದ ಶೆಡ್ಡಿನಿಂದ ಕೊನೆಯ ಬ್ಯಾಟರಿಯನ್ನು ಅವನ ಯಜಮಾನ ವರ್ನನ್ ಟ್ರಕ್ಕಿಗೆ ಹಾಕಿ, ಟಾರ್ಪಾಲು ಎಳೆದ.

"ಫೋನ್ ನಿಮ್ಮ ಹತ್ರಾನೇ ಇರಲಿ, ಎರ್ನೆಸ್ಟೀನ್ ಮೇಡಂ," ಅಂದ. "ಹೊತ್ತು ನೋಡೋಕಾದ್ರೂ ಆಗುತ್ತೆ."

ಟೈಟಸ್ ನಕ್ಕ.

ನಮ್ಮ ದ್ವೀಪ ಡೊಮಿನಿಕಾದಲ್ಲಿ ಮೊಬೈಲ್ ಕಂಪನಿಗಳು ಎರಡು. ಒಂದರ ಟವರುಗಳಿಗೆ ನಾನು ಕಾವಲು. ಕಳವಾದದ್ದನ್ನು ಹುಡುಕುವುದು ನನ್ನ ಕೆಲಸ. ಇನ್ನೊಂದರ ಸಿಮ್ ಮಾರುವವನು ವರ್ನನ್. ಬ್ಯಾಟರಿ ಕಳುವಾಗಿ ನಮ್ಮ ಟವರ್ ಸತ್ತ ಊರಿಗೆ ಮರುದಿನವೇ ಅವನ ಟ್ರಕ್ ಬರುತ್ತಿತ್ತು. ಪುಕ್ಕಟೆ ಸಿಮ್, ಜೊತೆಗೊಂದು ಟೋಪಿ.

ನನ್ನ ಅಕ್ಕನ ಊರು ಮೋರ್ನ್ ಬ್ವಾಕ್ಕೂ ಹಾಗೇ ಬಂದ. ಟವರ್ ಸತ್ತ ರಾತ್ರಿಯೇ ಹೆರಿಗೆಯಲ್ಲಿ ರಕ್ತ ನಿಲ್ಲದೆ ಅಕ್ಕ ಫಿಲೊಮೆನ್ ಸತ್ತಿದ್ದಳು. ಆಂಬುಲೆನ್ಸಿಗೆ ಮೇಲಿಂದ ಮೇಲೆ ಕರೆ ಮಾಡಿದ್ದಳು. ಒಂದೂ ಹೋಗಿರಲಿಲ್ಲ. ಹೆಣ ಇನ್ನೂ ಮನೆಯಲ್ಲಿರುವಾಗಲೇ, ನೋಡಲು ಬಂದವರ ಕೈಗೆ ವರ್ನನ್ ಸಿಮ್ ಹಂಚಿದ. ನನಗೂ ಒಂದು ಕೊಟ್ಟ.

ನಿನ್ನೆ ಅವನು ಈ ಊರು ಆನ್ಸ್ ರೂಜ್‌ನ ರಮ್ಮಿನ ಅಂಗಡಿಗೆ 'ನಾಡಿದ್ದು ಸಿಮ್ ಮೇಳ' ಎಂದು ಬರೆದ ಬಟ್ಟೆ ಕಟ್ಟಿಸಿದ್ದ. ಅಲ್ಲಿ ಎಲ್ಲರ ಫೋನೂ ಚೆನ್ನಾಗಿತ್ತು. ಇಲ್ಲದ ರೋಗಕ್ಕೆ ಮದ್ದು ಮಾರುವವನು ರೋಗವನ್ನೂ ಹೊತ್ತುಕೊಂಡೇ ಬರುತ್ತಾನೆ. ಪೊಲೀಸರಿಗೆ ಹೇಳಿದೆ. ಬಟ್ಟೆ ಕಟ್ಟುವುದು ಅಪರಾಧವೇ ಎಂದು ಕೇಳಿದರು.

ಅದಕ್ಕೇ ಒಬ್ಬಳೇ ಬಂದಿದ್ದೆ.

"ಏನ್ ಮಾಡೋಣ ಸರ್ ಇವಳನ್ನ?" ಟೈಟಸ್ ಕೇಳಿದ.

"ದೋಣಿ ಕಾಯ್ತಿದೆ. ಬೇಗ ಮುಗಿಸು."

ಬೆನ್ನ ಹಿಂದೆ ಇಳಿಜಾರು. ಉದ್ದಕ್ಕೂ ಕೆಸುವಿನ ಹೊಲ, ಮಳೆ ಕುಡಿದ ಮಣ್ಣು. ಕಾಲು ಸಡಿಲ ಬಿಟ್ಟು ಹಿಂದಕ್ಕೆ ಬಿದ್ದೆ.

ಮಚ್ಚು ಕಿವಿಯ ತುದಿಯನ್ನಷ್ಟೇ ತಿಂದಿತು.

ಉರುಳಿದೆ... ಕೆಸುವಿನ ದಂಟು ಮುರಿಯುವ ಸದ್ದು, ಬಾಯಲ್ಲಿ ಮಣ್ಣು. ಮೇಲೆ ಟ್ರಕ್ ಶುರುವಾಯಿತು. ಅದು ಗುಡ್ಡ ಬಳಸಿ ಬರಬೇಕು. ನಾನು ನೆಟ್ಟಗೆ ಸಮುದ್ರದ ದಂಡೆಗೆ ಬಿದ್ದೆ.

ದಂಡೆಯಲ್ಲಿ ಮುದುಕ ಒಕ್ತಾವ್ ಬಲೆ ಹೊಲಿಯುತ್ತಿದ್ದ. ಆಚೆ ಪಕ್ಕದ ದ್ವೀಪ ಗ್ವಾಡಲೂಪ್‌ನ ದೋಣಿಯೊಂದು ಇಂಜಿನ್ ಬಿಸಿ ಮಾಡಿಕೊಳ್ಳುತ್ತಿತ್ತು. ಬ್ಯಾಟರಿಗಳು ಅದನ್ನು ಹತ್ತಿದರೆ ಮುಗಿಯಿತು, ಸಾಕ್ಷಿಯೇ ಉಳಿಯುವುದಿಲ್ಲ. ಫಿಲೊಮೆನ್ ಸುಮ್ಮನೆ ಸತ್ತಳು ಎಂದಾಗುತ್ತದೆ.

"ಅಜ್ಜ, ಊರಿಗೆ ಊರೇ ಇಲ್ಲಿಗೆ ಬರಬೇಕು. ಫೋನ್ ಸತ್ತಿದೆ. ಶಂಖ ಊದಿ."

"ಶಂಖ ಊದಿದ್ರೆ ಮೀನು ಬಂತು ಅಂತ ಬರ್ತಾರೆ ಮಗಳೇ. ಮೀನೆಲ್ಲಿದೆ? ಬೈಸ್ಕೊಳ್ಳೋನು ನಾನು."

"ಬೈಗುಳ ನನ್ನ ಮೇಲಿರಲಿ."

ನನ್ನ ಕಿವಿಯ ರಕ್ತವನ್ನು ನೋಡಿದ. ತನ್ನ ದೋಣಿಯೊಳಗಿನಿಂದ ಶಂಖ ತೆಗೆದು ಕೆನ್ನೆ ಉಬ್ಬಿಸಿ ಊದಿದ. ಗುಡ್ಡಗಳು ಅದನ್ನು ಒಂದಕ್ಕೊಂದು ದಾಟಿಸಿದವು.

ಬಂದರು. ಬೇಸಿನ್ ಹಿಡಿದು, ಬಕೆಟ್ ಹಿಡಿದು, ತೋಟದಲ್ಲಿದ್ದವರು ಸೊಂಟದ ಮಚ್ಚಿನ ಸಮೇತ. ಎಲ್ಲರಿಗಿಂತ ಮುಂದೆ ದಪ್ಪ ಹಿಲ್ಡಾ, ದೊಡ್ಡ ಬೇಸಿನ್ ಅವಳದೇ.

"ಮೀನೆಲ್ಲೋ ಮುದುಕಾ? ಒಲೆ ಮೇಲೆ ಎಣ್ಣೆ ಇಟ್ಟು ಓಡಿ ಬಂದೆ."

ಅಷ್ಟರಲ್ಲಿ ಟ್ರಕ್ ತಿರುವಿನಲ್ಲಿ ಕಾಣಿಸಿತು. ವರ್ನನ್ ಕೂಡ ಶಂಖದ ಸದ್ದು ಕೇಳಿದ್ದ. ಅವನೂ ಇದೇ ದ್ವೀಪದವನು, ಮೀನು ಅಂದುಕೊಂಡಿದ್ದ. ಮೀನಿನ ಗಡಿಬಿಡಿಯಲ್ಲಿ ಟ್ರಕ್ಕನ್ನು ಯಾರು ನೋಡುತ್ತಾರೆಂದು ಜನರ ನಡುವೆಯೇ ನುಗ್ಗಿಸಿದ. ಹಾರನ್ ಹೊಡೆಸಿದ. ಹಿಂದೆಯೂ ಜನ ತುಂಬಿಕೊಂಡರು.

"ಮೀನು ಅದರಲ್ಲಿದೆ, ಹಿಲ್ಡಕ್ಕ," ಅಂದೆ. "ಟಾರ್ಪಾಲ್ ಎತ್ತಿ ನೋಡು."

ಎತ್ತಿದಳು. ಬ್ಯಾಟರಿಗಳ ಮೇಲೆ ನಮ್ಮ ಕಂಪನಿಯ ಹೆಸರು ಕೆಂಪಗಿತ್ತು. ಯಾರೋ ಜೇಬಿನ ಫೋನ್ ತೆಗೆದು ನೋಡಿದರು. ಆಮೇಲೆ ಎಲ್ಲರೂ ನೋಡಿದರು.

"ಬೆಳಗಿಂದ ನನ್ನ ಮಗಳಿಗೆ ಫೋನೇ ಹೋಗ್ತಿಲ್ಲ," ಅಂದಳು ಹಿಲ್ಡಾ, ಮೆಲ್ಲಗೆ. "ತುಂಬಿದ ಬಸುರಿ ಅವಳು."

ಟೈಟಸ್ ಬಾಗಿಲು ತೆರೆದು ಓಡಿದ. ಅವನನ್ನು ಯಾರೂ ಬೆನ್ನಟ್ಟಲಿಲ್ಲ. ಎಲ್ಲರ ಕಣ್ಣೂ ವರ್ನನ್‌ನ ಮೇಲಿತ್ತು. ಬೇಸಿನ್‌ಗಳು ಒಂದೊಂದಾಗಿ ಮರಳಿಗಿಳಿದವು. ಸೊಂಟದ ಮಚ್ಚುಗಳು ಕೈಗೆ ಬಂದವು.

ವರ್ನನ್ ಜೇಬಿನಿಂದ ಫೋನ್ ತೆಗೆದ. ಅವನ ಕಂಪನಿಯ ಸಿಮ್. ಎದುರು ಗುಡ್ಡದ ಮೇಲೆ ಅವರ ಟವರ್ ಗಟ್ಟಿಮುಟ್ಟಾಗಿ ನಿಂತಿತ್ತು. ಆ ದಂಡೆಯಲ್ಲಿ ಜೀವವಿದ್ದ ಫೋನ್ ಅದೊಂದೇ.

"ಪೊಲೀಸರನ್ನ ಕರೀತೀನಿ. ನಾನೇ ಒಪ್ಕೋತೀನಿ ಮೇಡಂ... ಇವರು ನನ್ನ ಬಿಡಲ್ಲ."

"ನನ್ನಕ್ಕನೂ ಕರೆದಳು."

"ದಮ್ಮಯ್ಯ ಅಂತೀನಿ. ಒಂದೇ ಒಂದು ಕಾಲ್."

ಅವನ ಬೆರಳುಗಳನ್ನು ಬಿಡಿಸಿ ಫೋನ್ ತೆಗೆದುಕೊಂಡೆ. ಅಲೆಯ ಆಚೆಗೆ ಎಸೆದೆ.

"ಇವತ್ತಿಂದ ನೀನೂ ನಮ್ಮ ಕಂಪನಿ ಗ್ರಾಹಕ," ಅಂದೆ.