ಎಡ್ವಾನನ ಜನನ ಪತ್ರ

"ಸರದಿಯಲ್ಲಿ ನಿಂತ್ಕೊಳ್ಳಿ!"

ಜಸಿಯಾರಾ ತಲೆ ಎತ್ತದೆಯೇ ಗದರಿದಳು. ಕಂಪಿನಾ ಗ್ರಾಂಡಿ ಊರಿನ ಜನನ, ಮದುವೆ, ಮರಣಗಳ ನೋಂದಣಿ ಕಚೇರಿ ಒಮ್ಮೆಲೇ ಗಪ್‌ಚುಪ್! ಅವಳು ಗದರಿದ್ದು ಯಾರಿಗೆ ಅಂತೀರಿ? ಎಡ್ವಾನ್‌ಗೆ! ಪೋರ್ಚುಗಲ್‌ನಲ್ಲಿ ಆರು ವರ್ಷ ಗೋಲು ಹೊಡೆದು, ಮೊಣಕಾಲು ಪೆಟ್ಟು ಮಾಡಿಕೊಂಡು ವಾಪಸ್ ಬಂದು, ಈಗ ನಮ್ಮೂರ ತಂಡಕ್ಕೆ ಆಡುತ್ತಿದ್ದ ಎಡ್ವಾನ್‌ಗೆ.

"ಕ್ಷಮಿಸಿ... ನನ್ನ ಜನನ ಪತ್ರದ್ದೊಂದು ನಕಲು ಬೇಕಿತ್ತು."

"ಇಲ್ಲಿರೋ ಎಲ್ಲರಿಗೂ ಏನೋ ಒಂದು ಬೇಕಿದೆ. ನೀವು ಗೋಲು ಹೊಡೆದ್ರೆ ನಮ್ಮ ಸಾಲು ಚಿಕ್ಕದಾಗಲ್ಲ."

ಅವನು ನಕ್ಕು ಹನ್ನೊಂದು ಜನರ ಹಿಂದೆ ಹೋಗಿ ನಿಂತ. ಸರದಿ ಬಂದಾಗ ಅವಳು ಹುಟ್ಟಿದ ದಿನಾಂಕ ಕೇಳಿದಳು. ಅವನು ಒಂದು ಗಳಿಗೆ ತಡೆದು ಹೇಳಿದ.

'ತಾನು ಹುಟ್ಟಿದ ದಿನ ಹೇಳೋಕೂ ಯೋಚನೆ ಮಾಡ್ಬೇಕಾ ಈ ಮನುಷ್ಯ?'

ಅನುಮಾನ ಬಂದದ್ದು ನಿಜ. ಆದರೆ ಅಷ್ಟರಲ್ಲಿ ಅವಳು ಅವನ ಕಣ್ಣು ನೋಡಿಬಿಟ್ಟಿದ್ದಳು. ಅಲ್ಲಿಗೆ ಮುಗಿಯಿತು ಅವಳ ಕಥೆ!

ಎಂಟು ತಿಂಗಳಲ್ಲಿ ಬೆರಳಿಗೆ ಉಂಗುರ ಬಂತು. ಮದುವೆ ಮಾತ್ರ ಬರಲಿಲ್ಲ.

ನಮ್ಮಲ್ಲಿ ಮದುವೆಗೆ ಮುಂಚೆ ಇಬ್ಬರ ಹೆಸರನ್ನೂ ಹದಿನೈದು ದಿನ ಕಚೇರಿಯ ಗೋಡೆಗೆ ಅಂಟಿಸುತ್ತಾರೆ. ಯಾರಿಗಾದರೂ ತಕರಾರಿದ್ದರೆ ಬಂದು ಹೇಳಲಿ ಅಂತ. ಊರವರ ನೋಟಿಸನ್ನೆಲ್ಲ ತನ್ನ ಕೈಯಾರೆ ಅಂಟಿಸಿದ ಜಸಿಯಾರಾಗೆ ತನ್ನದನ್ನೂ ಅಂಟಿಸುವ ಆಸೆ ಇರುವುದಿಲ್ಲವೇ?

"ಈ ವಾರ ಪಂದ್ಯ ಇದೆ ಕಣೇ," ಅಂದ ಎಡ್ವಾನ್ ಮೊದಲ ಸಲ.

"ಕಾಗದ ಎಲ್ಲಾ ಏಜೆಂಟ್ ಹತ್ರ ಇದೆ," ಅಂದ ಎರಡನೇ ಸಲ.

ಮೂರನೇ ಸಲ ಟರ್ಕಿ ಬಂತು. ಅಲ್ಲಿಯ ಕ್ಲಬ್ಬೊಂದು ಎರಡು ವರ್ಷಕ್ಕೆ ಕರೆದಿತ್ತು. ಮುಂದಿನ ವಾರ ಸಹಿ. "ಹೋಗಿ ಬಂದ್ಮೇಲೆ ಆಗೋಣ ಬಿಡು..."

ಪಕ್ಕದ ಮೇಜಿನ ಮರಿನಾಲ್ವಾ ಸುಮ್ಮನಿರುವ ಜಾತಿಯವಳಲ್ಲ. "ಪೋರ್ಚುಗಲ್‌ನಲ್ಲಿ ಒಬ್ಬಳನ್ನ ಕಟ್ಕೊಂಡಿರ್ತಾನೆ ಕಣೇ! ಇಲ್ಲಾಂದ್ರೆ ಗೋಡೆಗೆ ಹೆಸರು ಹಾಕಿಸೋಕೆ ಗಂಡಸಿಗೇನು ರೋಗ?"

"ಬಾಯಿ ಮುಚ್ಚೇ!"

ಬಾಯೇನೋ ಮುಚ್ಚಿಸಿದಳು. ತನ್ನ ಮನಸ್ಸನ್ನು ಹೇಗೆ ಮುಚ್ಚಿಸುತ್ತಾಳೆ? ಒಂದು ಭಾನುವಾರ ಅವನ ಅಮ್ಮ ದೊನಾ ಸೆವೆರಿನಾ ಮೇಕೆ ಮಾಂಸ ಬಡಿಸುತ್ತಾ, "ಜೆನೊ, ಇನ್ನೊಂದು ತುಂಡು ಹಾಕ್ಕೋ," ಅಂದುಬಿಟ್ಟಿದ್ದರು. ಅಮ್ಮ, ಮಗ ಇಬ್ಬರ ಮುಖವೂ ಬಿಳುಚಿಹೋಗಿತ್ತು.

"ಜೆನೊ ಯಾರು?"

"ಅದು... ಚಿಕ್ಕಂದಿನಲ್ಲಿ ಹಂಗೆ ಕರೀತಿದ್ರು," ಅಂದಿದ್ದ ಅವನು ತಟ್ಟೆ ನೋಡುತ್ತಾ.

ನವೆಂಬರ್ ಎರಡು ಬಂತು, ಸತ್ತವರ ದಿನ. ಬೆಳಗ್ಗೆ ಅವನ ಫೋನು. "ಮೊಣಕಾಲು ತೋರಿಸೋಕೆ ರಾಜಧಾನಿಗೆ ಹೊರಟೆ. ಸಂಜೆ ಸಿಗ್ತೀನಿ."

ಫೋನಿಟ್ಟ ಮೇಲೆ ಅವಳಿಗೆ ಹೊಳೆಯಿತು. ಇಡೀ ದೇಶಕ್ಕೇ ರಜೆ! ಇವತ್ತು ಯಾವ ಡಾಕ್ಟರ್ ಬಾಗಿಲು ತೆಗೆದು ಕೂತಿರ್ತಾನೆ?

ಅಷ್ಟರಲ್ಲಿ ಮರಿನಾಲ್ವಾಳ ಫೋನು. "ನಿನ್ನ ಹೀರೋನ ಮಾರ್ಕೆಟ್‌ನಲ್ಲಿ ನೋಡ್ದೆ ಕಣೇ. ಕೈ ತುಂಬಾ ಬಿಳಿ ಹೂವು! ಅವರಮ್ಮನ ಊರಿನ ದಾರಿ ಹಿಡಿದ."

ಜಸಿಯಾರಾ ಕಾಫಿಯನ್ನು ಅಲ್ಲೇ ಬಿಟ್ಟು ವ್ಯಾನ್ ಹತ್ತಿದಳು. ಎರಡು ಗಂಟೆಯ ದಾರಿ. ಅವನನ್ನೂ ಅವಳನ್ನೂ ಒಟ್ಟಿಗೇ ಹಿಡೀತೀನಿ, ಉಂಗುರ ಮುಖಕ್ಕೆ ಎಸೀತೀನಿ, ಒಂದು ಹನಿ ಕಣ್ಣೀರೂ ಹಾಕಲ್ಲ ಅಂದುಕೊಂಡಳು. ಅರ್ಧ ದಾರಿಯಲ್ಲೇ ಅತ್ತುಬಿಟ್ಟಳು, ಪಾಪ.

ಊರಿಗೆ ಊರೇ ಸ್ಮಶಾನದಲ್ಲಿತ್ತು. ಎಲ್ಲರೂ ಸಮಾಧಿ ತೊಳೆಯುತ್ತಾ, ಸುಣ್ಣ ಬಳಿಯುತ್ತಾ, ಮೇಣದ ಬತ್ತಿ ಹಚ್ಚುತ್ತಾ ಇದ್ದರು. ಕೊನೆಯ ಸಾಲಿನಲ್ಲಿ ಎಡ್ವಾನ್ ಮಂಡಿಯೂರಿ ಕೂತಿದ್ದ. ಪಕ್ಕದಲ್ಲಿ ಒಬ್ಬ ಹೆಂಗಸು... ದೊನಾ ಸೆವೆರಿನಾ!

ಅಯ್ಯೋ ದೇವರೇ, ಬರೀ ಅಮ್ಮ! ಜಸಿಯಾರಾಗೆ ನಗು ಬಂದುಬಿಟ್ಟಿತು. ಓಡಿಹೋಗಿ ಅವನ ಬೆನ್ನಿಗೆ ಗುದ್ದಬೇಕೆಂದು ಹತ್ತಿರ ಹೋದಳು.

ಹೋದವಳು ಅಲ್ಲೇ ನಿಂತಳು.

ಪುಟ್ಟ ಮರದ ಶಿಲುಬೆ. ಬಿಸಿಲಿಗೆ ಮಾಸಿದ ಅಕ್ಷರಗಳ ಮೇಲೆ ಅವನು ಕಪ್ಪು ಬಣ್ಣದಲ್ಲಿ ಮತ್ತೆ ಬರೆಯುತ್ತಿದ್ದ. 'ಎಡ್ವಾನ್ ಪೆರೇರಾ ದ ಲೀಮಾ.' ಕೆಳಗೆ ಹುಟ್ಟಿದ ದಿನಾಂಕ. ಅವಳೇ ನಕಲು ಮಾಡಿಕೊಟ್ಟಿದ್ದ ದಿನಾಂಕ! ಅದರ ಕೆಳಗೆ ಸತ್ತ ದಿನಾಂಕ...

"ಯಾರು... ಯಾರಿದು?"

ಅವನ ಕೈಯಿಂದ ಕುಂಚ ಬಿತ್ತು.

ದೊನಾ ಸೆವೆರಿನಾ ಅಂಗೈಯಿಂದಲೇ ಕಣ್ಣೊರೆಸಿಕೊಂಡರು. "ನನ್ನ ಕಿರೀ ಮಗ ಕಣಮ್ಮ. ಎರಡು ವರ್ಷದ ಕೂಸು. ಜ್ವರದಲ್ಲಿ ಹೋಯ್ತು. ಆಗ ಇಲ್ಲಿಂದ ಕಚೇರಿಗೆ ಹೋಗೋಕೇ ಅರ್ಧ ದಿನ. ಸತ್ತ ಮಗೂಗೆ ಕಾಗದ ಯಾಕೆ ಅಂತ ಹೂತು ಸುಮ್ಮನಾದ್ವಿ."

"ಹಾಗಾದ್ರೆ ನೀನು?"

"ಜೆನಾಲ್ದೊ," ಅಂದ ಅವನು. "ನಂಗೆ ಹದಿನಾರಾಗಿತ್ತು ಕಣೇ. ಆಯ್ಕೆಗೆ ಹೋದ್ರೆ, ವಯಸ್ಸಾಯ್ತು, ಹದಿಮೂರಾಗಿದ್ರೆ ತಗೋತಿದ್ವಿ ಅಂದ್ರು. ಏಜೆಂಟ್ ಮನೆಗೆ ಬಂದ. ಅಮ್ಮನ ಪೆಟ್ಟಿಗೆಯಲ್ಲಿ ತಮ್ಮನ ಜನನ ಪತ್ರ ಹಾಗೇ ಇತ್ತು... ಅವತ್ತಿಂದ ನಾನು ಎಡ್ವಾನ್."

ವಯಸ್ಸು ಇಳಿಸಿ ಆಡುವವರ ಸುದ್ದಿ ನಮಗೇನು ಹೊಸದೇ? ಪತ್ರಿಕೆಯಲ್ಲಿ ಓದಿ ನಕ್ಕಿದ್ದೇವೆ. ತಾನು ಮದುವೆಯಾಗುವವನೇ ಹಾಗೆ ಅಂತ ತಿಳಿದರೆ ನಗು ಎಲ್ಲಿಂದ ಬರಬೇಕು?

"ಇಷ್ಟು ತಿಂಗಳು! ಒಂದು ಮಾತು ಹೇಳೋಕಾಗ್ಲಿಲ್ವಾ?"

"ಹೇಗೆ ಹೇಳ್ಲಿ? ಆ ಕಚೇರಿಯಲ್ಲಿ ಕೂತವಳು ನೀನೇ!" ಅವನು ಅವಳನ್ನೇ ನೋಡಿದ. "ಜಸಿ... ದೂರು ಕೊಡ್ತೀಯಾ?"

ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಇಷ್ಟು ದಿನ ಅನುಮಾನ ಪಟ್ಟವಳು ತಾನೊಬ್ಬಳೇ ಅಂದುಕೊಂಡಿದ್ದಳಲ್ಲ!

"ಇಷ್ಟೇನಾ ನಿನ್ನ ನಂಬಿಕೆ?"

"ಎರಡೇ ವರ್ಷ ಕಣೇ. ಟರ್ಕಿಯಲ್ಲಿ ಆಡಿ ಬರ್ತೀನಿ, ಆಮೇಲೆ ಎಲ್ಲಾ ಸರಿ ಮಾಡ್ತೀನಿ. ಈಗ ಹೇಳಿದ್ರೆ ನಿಷೇಧ ಹಾಕ್ತಾರೆ. ಈ ಮೊಣಕಾಲಿಗೆ ಇನ್ನೊಂದು ಅವಕಾಶ ಬರಲ್ಲ. ನಂಗೆ ಚೆಂಡು ಬಿಟ್ರೆ ಬೇರೇನೂ ಗೊತ್ತಿಲ್ಲ!"

"ಹೋಗು, ಆಡು. ನಾನು ಯಾರಿಗೂ ಹೇಳಲ್ಲ." ಜಸಿಯಾರಾ ಉಂಗುರ ಬಿಚ್ಚಿ ದೊನಾ ಸೆವೆರಿನಾ ಅವರ ಅಂಗೈಯಲ್ಲಿಟ್ಟಳು. "ಆದ್ರೆ ಈ ಮಗುವಿನ ಹೆಸರಿನ ಪಕ್ಕ ನನ್ನ ಹೆಸರು ಅಂಟಿಸಲ್ಲ. ನಾನು ನಿನ್ನ ತಮ್ಮನನ್ನ ಮದುವೆ ಆಗಲ್ಲ."

ಹೊರಟೇಬಿಟ್ಟಳು. ತಿರುಗಿಯೂ ನೋಡಲಿಲ್ಲ.

ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಅವನ ಧ್ವನಿ ಕೇಳಿಸಿತು. ಇಡೀ ಸ್ಮಶಾನಕ್ಕೇ ಕೇಳುವಂತೆ ಏಜೆಂಟನ ಜೊತೆ ಫೋನಿನಲ್ಲಿ ಕಿರುಚುತ್ತಿದ್ದ.

"ಒಸ್ಮಾರಿಯೊ ಅವರೇ, ನಾನು ಸಹಿ ಹಾಕಲ್ಲ!... ಇಲ್ಲ, ಹೆಚ್ಚಿಗೆ ಕೇಳ್ತಿಲ್ಲ. ಎಡ್ವಾನ್ ಇಲ್ಲ ಅಂತ ಹೇಳಿ ಅವರಿಗೆ. ತೀರಿಕೊಂಡು ಇಪ್ಪತ್ತೇಳು ವರ್ಷ ಆಯ್ತು!"

ಬತ್ತಿ ಹಚ್ಚುತ್ತಿದ್ದವರೆಲ್ಲ ತಿರುಗಿ ನೋಡಿದರು. ದೊನಾ ಸೆವೆರಿನಾ ಜೋರಾಗಿ ಅತ್ತರು. ಕಿರಿಯವನ ಹೆಸರು ಹಿರಿಯವನಿಗೆ ಹೋದಾಗಿನಿಂದ, ಮಗ ತೀರಿಕೊಂಡ ಅಂತ ಯಾರಾದರೂ ಬಾಯಿಬಿಟ್ಟು ಹೇಳಲಿ ಅಂತ ಆ ತಾಯಿ ಹದಿನಾರು ವರ್ಷ ಕಾದಿದ್ದರು.

ಅವನು ಕುಂಟುತ್ತಾ ಓಡಿ ಬಂದ. ಅಮ್ಮನ ಕೈಯಿಂದ ಉಂಗುರ ತಂದಿದ್ದ.

"ಹೋಯ್ತು ಕಣೇ... ಎಲ್ಲಾ ಹೋಯ್ತು." ಮಗುವಿನ ಹಾಗೆ ಅಳುತ್ತಿದ್ದ. "ನಾಳೆ ಊರೆಲ್ಲಾ ನನ್ನನ್ನ ಕಳ್ಳ ಅನ್ನುತ್ತೆ."

"ಅನ್ನಲಿ. ನಾನೂ ಅಂತೀನಿ."

"ಎಷ್ಟು ದಿನ?"

"ನನ್ನ ಕೋಪ ಇಳಿಯೋತನಕ." ಅವಳ ಕಣ್ಣೂ ತುಂಬಿತ್ತು. "ಮೊದಲು ಅಮ್ಮನ ಜೊತೆ ಬಂದು ತಮ್ಮನ ಸಾವು ಬರೆಸು. ಜಡ್ಜ್ ಮುಂದೆ ನಿಲ್ಲಬೇಕಾಗುತ್ತೆ. ಎಷ್ಟು ತಿಂಗಳಾಗುತ್ತೋ ಗೊತ್ತಿಲ್ಲ."

"ಅಲ್ಲೀತನಕ ಇರ್ತೀಯಾ?"

ಅವಳು ಮೂಗೊರೆಸಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಜ ಹೇಳು. ಎಷ್ಟು ವಯಸ್ಸು ನಿಂಗೆ?"

"ಮೂವತ್ತೆರಡು."

"ಅಯ್ಯೋ, ಮುದುಕ!"

"ಕೆಲಸ ಇಲ್ಲದ ಮುದುಕ," ಅಂದ ಅವನು ಅಳುವಿನ ನಡುವೆ ನಗುತ್ತಾ. "ಆಗ್ತೀಯಾ?"

ಜಸಿಯಾರಾ ಎಡಗೈ ಮುಂದೆ ಚಾಚಿದಳು.

"ಹಾಕು, ಜೆನಾಲ್ದೊ."