ಹಸಿರಿನ ಮೇಲೊಂದು ಕಪ್ಪು ಕಲೆ

"ನಿಮಗೆ ಕಣ್ಣು ಕಾಣಲ್ವಾ?"

ಅವನು ಅವಳೊಂದಿಗೆ ಆಡಿದ ಮೊಟ್ಟಮೊದಲ ಮಾತು ಇದು. ನಮಸ್ಕಾರವಿಲ್ಲ, ಕೂತ್ಕೊಳ್ಳಿ ಎನ್ನುವ ಉಪಚಾರವೂ ಇಲ್ಲ. ಪ್ರಾಣಿಗಳ ಆಸ್ಪತ್ರೆಯ ಸ್ಟೀಲ್ ಮೇಜಿನ ಮೇಲೆ ಒಂದು ಕೊಂಬೆ, ಕೊಂಬೆಗೆ ಸುತ್ತಿಕೊಂಡ ಹಸಿರು ಹಾವು, ಅದರ ಪಕ್ಕೆಯಲ್ಲಿ ಅಂಗೈಯಗಲದ ಕಪ್ಪು ಕಲೆ. ಡಾಕ್ಟರ್ ಆ ಕಲೆಯಿಂದ ತಲೆಯೆತ್ತಿ ನೇರ ಅವಳ ಮುಖ ನೋಡಿದ.

"ಇದು ನಿನ್ನೆ ಮೊನ್ನೆಯದಲ್ಲ. ತಿಂಗಳಿಂದ ಹಬ್ಬಿದೆ. ನೋಡ್ಕೊಳ್ಳೋಕೆ ಆಗ್ದಿದ್ರೆ ಯಾಕೆ ಸಾಕ್ತೀರಿ?"

ಅವಳು ಬಗ್ಗಿ ಆ ಕಲೆಯನ್ನೇ ನೋಡಿದಳು.

ಅವಳು ಯಾರೆಂದು ಆ ಪುಣ್ಯಾತ್ಮನಿಗೇನು ಗೊತ್ತು? ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಬಣ್ಣ ಹೊಂದಿಸುವವಳು. ಎರಡು ಹಸಿರುಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿಯುತ್ತಾಳೆಂದು ಅಲ್ಲಿ ಎಲ್ಲರೂ ಅವಳನ್ನು 'ತಕ್ಕಡಿ' ಎಂದೇ ಕರೆಯುತ್ತಿದ್ದರು. ಅವಳು ತಲೆಯಾಡಿಸದೆ ಒಂದು ಥಾನು ಬಟ್ಟೆಯೂ ಗೇಟು ದಾಟುತ್ತಿರಲಿಲ್ಲ. ಅಂಥವಳಿಗೆ ಕಣ್ಣು ಕಾಣಲ್ವಾ ಎಂದು ಕೇಳಿದ್ದ!

ಕೋಪ ಬರಬೇಕಿತ್ತು. ಬಂದದ್ದು ನಾಚಿಕೆ.

ಕಾರ್ಖಾನೆಯಲ್ಲಿ ಅವಳು ಹಳದಿ ಬಲ್ಬಿನ ಕೆಳಗೆ ಯಾವ ಬಣ್ಣವನ್ನೂ ನಂಬಿದವಳಲ್ಲ. ಬಟ್ಟೆಯನ್ನು ಕಿಟಕಿಗೆ ಒಯ್ದು, ಹಗಲ ಬೆಳಕಿನಲ್ಲಿ ನೋಡಿಯೇ ಹೂಂ ಅನ್ನುವವಳು. ಮನೆಯ ಹಾವನ್ನು ಮಾತ್ರ ಎರಡು ತಿಂಗಳು ಅದರ ಗಾಜಿನ ಪೆಟ್ಟಿಗೆಯ ಹಳದಿ ಬಲ್ಬಿನಲ್ಲೇ ನೋಡಿದ್ದಳು. ಆ ಬೆಳಕಿನಲ್ಲಿ ಕಲೆ ಬರೀ ನೆರಳಿನಂತೆ ಕಂಡಿತ್ತು. ಬೈಸಿಕೊಳ್ಳುವುದಕ್ಕೆ ತಾನು ತಕ್ಕವಳೇ ಎಂದು ಅವಳಿಗೆ ಅನ್ನಿಸಿತು.

ಪೆಟ್ಟಿಗೆಯಲ್ಲಿ ತೇವ ಹೆಚ್ಚಾಗಿ ಚರ್ಮ ಕೊಳೆತಿದೆ ಎಂದ ಡಾಕ್ಟರ್. ಹಾವು ಮೂರು ವಾರ ಇಲ್ಲೇ, ಒಣ ಪೆಟ್ಟಿಗೆಯಲ್ಲಿ ಇರಬೇಕು. ಮನೆಯ ಪೆಟ್ಟಿಗೆಯನ್ನು ಔಷಧಿ ಹಾಕಿ ತೊಳೆದು ಹೊರಗೆ ಬಿಸಿಲಿಗಿಡಬೇಕು. ಬದುಕುತ್ತದೆಯೇ ಎಂದು ಅವಳು ಕೇಳಿದ್ದಕ್ಕೆ, ಈಗಲೇ ಹೇಳಲಾರೆ ಎಂದ. ಅವಳು ಸಹಿ ಹಾಕಿ ಹೊರಬಂದಳು.

ಮನೆಯಲ್ಲಿ ಅಪ್ಪ ಮಲಗಿದ್ದರು.

ಎರಡು ವರ್ಷದಿಂದ ಹಾಗೇ. ಲಕ್ವ ಹೊಡೆದು ಮಾತು ಹೋಗಿತ್ತು. ಕತ್ತು ತಿರುಗುತ್ತಿದ್ದುದು ಗೋಡೆಯ ಕಡೆಗೆ ಮಾತ್ರ. ಎಡಗೈಯಲ್ಲಿ ಒಂದಿಷ್ಟು ಜೀವವಿತ್ತು, ಅಷ್ಟೆ. ಹಾವು ಅವರದು. ಟ್ರೀ ಬೋವಾ ಎಂಬ ಹೊರದೇಶದ ಜಾತಿಯದು, ವಿಷವಿಲ್ಲ; ಹದಿನಾಲ್ಕು ವರ್ಷದ ಹಿಂದೆ ಮರಿಯಾಗಿದ್ದಾಗ ತಂದು, ಕೊಂಬೆಯಿಂದ ಇಳಿಯುವುದೇ ಇಲ್ಲವೆಂದು 'ಸೋಮಾರಿ' ಎಂದು ಹೆಸರಿಟ್ಟಿದ್ದರು. ನಿನಗಿಂತ ಆ ನಿನ್ನ ತಮ್ಮನ ಮೇಲೇ ನಿಮ್ಮಪ್ಪನಿಗೆ ಮುದ್ದು ಎಂದು ಮನೆಯಲ್ಲಿ ಜೊತೆಗಿದ್ದ ಚಿಕ್ಕಮ್ಮ ಈಗಲೂ ರೇಗಿಸುತ್ತಿದ್ದಳು. ಮಂಚದ ಕಾಲ ಬಳಿಯ ಆ ಪೆಟ್ಟಿಗೆಯ ಕಡೆಗೇ ಅವಳು ಮನೆಯಲ್ಲಿದ್ದಷ್ಟು ಹೊತ್ತೂ ಅಪ್ಪನ ಕಣ್ಣು ನೆಟ್ಟಿರುತ್ತಿತ್ತು. ತಲೆದಿಂಬಿನ ಹಿಂದಿನ ಕುರ್ಚಿಯಲ್ಲಿ ಕೂತು ಅವಳು ತುತ್ತು ಕೊಡುವಾಗಲೂ ಅತ್ತಲೇ ನೋಟ. ಹಿಂದೆ ಯಾಕೆ ಕೂರುತ್ತಿದ್ದಳೆಂದರೆ, ಅಪ್ಪನ ಎದುರು ಅಳಬಾರದೆಂದು.

ಪೆಟ್ಟಿಗೆ ಹೊರಗೆ ಹೋದ ದಿನ ಅಪ್ಪ ಮುಖವನ್ನು ಗೋಡೆಗೆ ತಿರುಗಿಸಿದರು. ಮೂರನೆಯ ದಿನಕ್ಕೆ ತುತ್ತು ನುಂಗುವುದನ್ನೂ ಬಿಟ್ಟರು.

'ಸೋಮಾರಿ ಸತ್ತರೆ ಅಪ್ಪನೂ ಉಳಿಯುವುದಿಲ್ಲ...' ಅವಳ ಎದೆಯಲ್ಲಿ ಇದೊಂದೇ ಮಾತು ಕುಟ್ಟುತ್ತಿತ್ತು.

ದಿನವೂ ಕೆಲಸಕ್ಕೆ ಹೋಗುವ ಮುಂಚೆ ಆಸ್ಪತ್ರೆಗೆ ಹೋದಳು. ಕೈಯಲ್ಲಿ ನಂಬರು ಹಾಕಿದ ಬಣ್ಣದ ಬಟ್ಟೆಯ ಪಟ್ಟಿಗಳು. ಹಾವಿನ ಕೊಂಬೆಯನ್ನು ಕಿಟಕಿಗೆ ಹಿಡಿದು, ಕಲೆಯ ನಡುವಿಗೊಂದು, ಅಂಚಿಗೊಂದು ಪಟ್ಟಿ ಹೊಂದಿಸಿ ನಂಬರು ಬರೆದುಕೊಳ್ಳುತ್ತಿದ್ದಳು. ಬಟ್ಟೆ ಅಂಗಡಿ ಪಕ್ಕದ ಬೀದಿಯಲ್ಲಿದೆ ಎಂದು ಡಾಕ್ಟರ್ ಒಮ್ಮೆ ಚುಚ್ಚಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಏಳನೆಯ ಬೆಳಿಗ್ಗೆ ಆ ಕಾಗದವನ್ನು ಅವನ ಮುಂದಿಟ್ಟಳು.

"ನಾನು ಮೊದಲು ಹೊಂದಿಸಿದ ದಿನ ಅಂಚು ಹದಿನಾಲ್ಕನೇ ನಂಬರು. ಇವತ್ತು ಹದಿನೇಳು. ನೀವು ಒಣಗಿಸ್ತಾ ಹೋದ ಹಾಗೆ ಕೆಂಪಾಗಿ ಬಿರೀತಿದೆ. ಒದ್ದೆಗೆ ಕೊಳೆಯೋದು ಹೊಟ್ಟೆ ಕಡೆಯಿಂದ ಅಂತ ನಿಮ್ಮ ಗೋಡೆ ಮೇಲಿನ ಪಟದಲ್ಲೇ ಇದೆ. ಇದರ ಹೊಟ್ಟೆ ಹಾಲಿನ ಹಾಗೆ ಬೆಳ್ಳಗಿದೆ, ನೋಡಿ."

ಅವನು ಭೂತಗನ್ನಡಿ ತಂದು ಕಿಟಕಿಯ ಬಳಿ ಕಾಲು ಗಂಟೆ ನೋಡಿದ. ಆ ತಿಂಗಳು ಸಾಲಾಗಿ ಆರು ಹಾವುಗಳು ಚರ್ಮ ಕೊಳೆತೇ ಬಂದಿದ್ದವು. ಏಳನೆಯದನ್ನೂ ಅದೇ ಗುಂಗಿನಲ್ಲಿ ನೋಡಿಬಿಟ್ಟಿದ್ದ.

"ಇದು ಕೊಳೆತದ್ದಲ್ಲ, ಸುಟ್ಟದ್ದು. ತಪ್ಪು ನಂದು."

ಡಾಕ್ಟರುಗಳ ಬಾಯಿಂದ ಸುಲಭವಾಗಿ ಉದುರುವ ಮಾತಲ್ಲ ಇದು. ಅವಳು ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು.

"ಬಲ್ಬು ಎಷ್ಟು ಹತ್ತಿರ ಇತ್ತು?" ಎಂದ ಅವನು ಮೆಲ್ಲಗೆ.

"ಒಂದು ಗೇಣು. ಎರಡು ತಿಂಗಳ ಹಿಂದೆ ನಾನೇ ಇಳಿಸಿದ್ದೆ." ಅವಳು ಬಣ್ಣದ ಪಟ್ಟಿಗಳನ್ನು ಮಡಚಿದಳು. "ಅಪ್ಪಂಗೆ ಚೆನ್ನಾಗಿ ಕಾಣ್ಲಿ ಅಂತ..."

ಅಲ್ಲಿಗೆ ಕಟ್ಟೆಯೊಡೆಯಿತು. ಲಕ್ವ, ಗೋಡೆಗೆ ತಿರುಗಿದ ಮುಖ, ನಾಲ್ಕು ದಿನದಿಂದ ನುಂಗದ ತುತ್ತು, ಎಲ್ಲವನ್ನೂ ಹೇಳಿದಳು. ಅವನ ಮುಖ ಸಣ್ಣಗಾಯಿತು.

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ಕನಿಕರ ಪಡ್ತಿದ್ರಿ. ನಂಗೆ ಬೈಸ್ಕೊಳ್ಬೇಕು ಅನ್ನಿಸ್ತಿತ್ತು."

ಅವತ್ತು ಮಧ್ಯಾಹ್ನವೇ ಡಾಕ್ಟರ್ ಹಾವನ್ನು ತಾನೇ ಹೊತ್ತು ಮನೆಗೆ ಬಂದ. ಪೆಟ್ಟಿಗೆಯನ್ನು ಮಂಚದ ಕಾಲ ಬಳಿ ಮೊದಲಿನಂತೆಯೇ ಇಟ್ಟು, ಬಲ್ಬು ಕಿತ್ತು, ತಳಕ್ಕೆ ಹದವಾಗಿ ಬಿಸಿಯಾಗುವ ಹಲಗೆ ಹಾಕಿ, ನೀರು ಚಿಮುಕಿಸಿ, ಸೋಮಾರಿಯನ್ನು ಕೊಂಬೆಗೇರಿಸಿದ. ಅಪ್ಪನ ಕಣ್ಣು ನಿಧಾನವಾಗಿ ಗೋಡೆಯಿಂದ ಈಚೆ ಬಂತು. ಸಂಜೆಯೊಳಗೆ ನಾಲ್ಕು ತುತ್ತು ಒಳಗೆ ಹೋಯಿತು. ಚಿಕ್ಕಮ್ಮ ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಂಡಳು.

ಆಮೇಲೆ ದಿನವೂ ಬಂದ. ಮಂಚದ ಅಂಚಿನಲ್ಲಿ, ಅಪ್ಪನ ಪಕ್ಕ ಕೂತು ಗಾಯ ತೊಳೆದು ಮುಲಾಮು ಹಚ್ಚುತ್ತಿದ್ದ. ಹಚ್ಚುವಾಗ ಅಪ್ಪನಿಗೆ ಒಂದೊಂದನ್ನೂ ಹೇಳುತ್ತಿದ್ದ, ಉತ್ತರ ಬಂದಂತೆಯೇ ತಲೆದೂಗುತ್ತಿದ್ದ. ಆ ಮನೆಯಲ್ಲಿ ಅಪ್ಪನೊಡನೆ ಹಾಗೆ ಮಾತಾಡಿದವರು ಬೇರೆ ಯಾರೂ ಇರಲಿಲ್ಲ. ಅವಳಿಗೆ ಅವನ ಮೇಲೆ ಮನಸ್ಸಾದದ್ದು ಅದಕ್ಕೇ. ಅದನ್ನು ಅವಳು ತನಗೇ ಹೇಳಿಕೊಳ್ಳಲಿಲ್ಲ.

ಐದನೆಯ ವಾರ ಸೋಮಾರಿ ಪೊರೆ ಬಿಟ್ಟ. ಮೈಯೆಲ್ಲ ಸಲೀಸಾಗಿ ಕಳಚಿತು, ಕಲೆಯಿದ್ದಲ್ಲಿ ಮಾತ್ರ ಅಂಟಿಕೊಂಡಿತು. ಅವಳು ತನ್ನ ಕುರ್ಚಿಯಲ್ಲಿ ಕೂತು ಬಟ್ಟೆ ಒದ್ದೆ ಮಾಡಿ ಕೊಟ್ಟಳು, ಅವನು ಮಂಚದಂಚಿನಲ್ಲಿ ಹಾವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ತಾಳ್ಮೆಯಿಂದ ಬಿಡಿಸಿದ. ಒಳಗೆ ಹೊಸ ಚರ್ಮ ಬಂದಿತ್ತು, ಮಾಸಿದ ಹಸಿರು.

"ಈ ಬಣ್ಣ ಹೀಗೇ ಉಳಿಯುತ್ತೆ," ಎಂದ ಅವನು. "ಆದ್ರೆ ಸೋಮಾರಿ ಬದುಕ್ದ."

ಆ ಸಂತೋಷವನ್ನು ಅಪ್ಪನ ಮುಖದಲ್ಲೂ ಕಾಣಬೇಕೆಂದು ಅವಳು ಬಗ್ಗಿದಳು. ಹಾವು ಅಪ್ಪನ ಕೈಗೆಟುಕುವಷ್ಟು ಹತ್ತಿರದಲ್ಲಿದೆ... ಅಪ್ಪ ನೋಡುತ್ತಿರುವುದು ಖಾಲಿ ಪೆಟ್ಟಿಗೆಯನ್ನು!

"ಅಪ್ಪಂಗೆ ಕಣ್ಣೂ ಹೋಯ್ತಾ?"

ಅವನು ಗಾಬರಿಯಾಗಲಿಲ್ಲ. "ಒಂದ್ನಿಮಿಷ ಆ ಕುರ್ಚಿಯಿಂದ ಎದ್ದು ಈಚೆ ಬನ್ನಿ," ಎಂದ.

ಅವಳು ಎದ್ದಳು. ಅಪ್ಪನ ಕಣ್ಣು ಗಾಜಿನ ಮೇಲೆ ಅತ್ತಿತ್ತ ತಡಕಾಡಿತು.

"ಈಗ ಕೂತ್ಕೊಳ್ಳಿ."

ಕೂತಳು. ಕಣ್ಣು ನಿಂತಿತು.

"ಅವರ ಕತ್ತು ನಿಮ್ಮ ಕಡೆ ತಿರುಗಲ್ಲ. ಆ ಗಾಜಿನಲ್ಲಿ ನಿಮ್ಮ ಕುರ್ಚಿ ಕಾಣುತ್ತೆ. ಅವರು ನೋಡ್ತಿರೋದು ಹಾವನ್ನಲ್ಲ."

ಎರಡು ವರ್ಷ... ಅಪ್ಪ ಎರಡು ವರ್ಷವೂ ತನ್ನನ್ನೇ ನೋಡುತ್ತಿದ್ದರು. ತಾನು ಬಚ್ಚಿಟ್ಟುಕೊಂಡು ಅತ್ತಿದ್ದನ್ನೂ ನೋಡಿದ್ದರು.

ಅವಳು ಸುತ್ತಿ ಬಂದು ಅಪ್ಪನ ಎದುರು ಮಂಡಿಯೂರಿ, ಮೊದಲ ಬಾರಿಗೆ ಅವರ ಕಣ್ಣೆದುರೇ ಅತ್ತಳು. ಅಪ್ಪನ ಎಡಗೈ ನಿಧಾನವಾಗಿ ಮೇಲೆದ್ದು ಅವಳ ಕೆನ್ನೆಗೆ ತಾಗಿತು.

ಎಷ್ಟೋ ಹೊತ್ತಿನ ಮೇಲೆ, ಬಾಗಿಲವರೆಗೆ ಕಳಿಸಲು ಬಂದವಳು ಕೇಳಿದಳು, "ನಿಮಗೆ ಹೇಗೆ ಗೊತ್ತಾಯ್ತು?"

ಅವನು ಚಪ್ಪಲಿ ಮೆಟ್ಟುತ್ತಿದ್ದವನು ನಿಂತ.

"ನಾನೂ ಅವರ ಪಕ್ಕದಲ್ಲೇ ಕೂರ್ತಿದ್ದೆ. ನಾನೂ ಆ ಗಾಜನ್ನೇ ನೋಡ್ತಿದ್ದೆ." ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿ ಹೇಳಿದ, "ಮುಲಾಮು ನೀವೇ ಹಚ್ಚಬಹುದಿತ್ತು. ಮೂರು ವಾರದಿಂದ ನಾನು ಬರೋ ಅಗತ್ಯ ಇರ್ಲಿಲ್ಲ."

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಒಳಗೆ ಚಿಕ್ಕಮ್ಮ ಪಾತ್ರೆ ಸದ್ದು ಮಾಡುವುದನ್ನು ನಿಲ್ಲಿಸಿದ್ದಳು.

"ನಾಳೆ ಬರ್ತೀರಾ?"

"ಬರ್ಲಾ?"

"ಬನ್ನಿ," ಎಂದಳು. "ಆದ್ರೆ ಗಾಜಿನಲ್ಲಿ ನೋಡ್ಬೇಡಿ. ಎದುರಿಗೆ ಕೂತ್ಕೊಳ್ಳಿ."